ನಾನು ಕೊರೆದ ಬಿರುಕು

ಶೂ ಅಂದರೆ ಶೂ, ಬಗ್ಗಿದರೆ ತಲೆ ಬಾಚಿಕೊಳ್ಳಬಹುದು, ಅಂಥ ಶೂ ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತುವವನಿಗೆ ನಮ್ಮ ಗೋಡೆಯ ಗೋಳು ಏನು ತಿಳಿದೀತು, ಹತ್ತಲಿ, ಮೂರನೇ ಮಹಡಿಗೆ ಬರುವಷ್ಟರಲ್ಲಿ ನಾಲಿಗೆ ಹೊರಬರಲಿ, ನಗರಸಭೆಯ ಇಂಜಿನಿಯರಂತೆ ಇವನು, ಹಿಂದೆ ಇಡೀ ಬ್ಲಾಕೇ ಬಾಲದ ಹಾಗೆ, ಮುಂದೆ ಯಾರು? ನಾನು. ಮೈಕಕ್ಕ ಎನ್ನುತ್ತಾರೆ, ಎನ್ನಲಿ, ಈ ಗಂಟಲಿಗೆ ಹೆದರಿ ನಗರಸಭೆಯ ಮೂವರು ಅಧ್ಯಕ್ಷರು ಕುರ್ಚಿ ಬಿಟ್ಟು ಓಡಿದ್ದಾರೆ, ಈಗಿನವನು ಕಿವಿಗೆ ಹತ್ತಿ ತುರುಕಿಕೊಂಡೇ ಆಳುತ್ತಿದ್ದಾನೆ, ಅವನದೇ ಮಾತು, ಬಾಡಿಗೆ ಮನೆಗಳ ದೊಡ್ಡ ರಿಪೇರಿಗೆ ಈ ವರ್ಷ ಒಂದೇ ಬ್ಲಾಕಿಗಾಗುವಷ್ಟು ದುಡ್ಡಿದೆ, ನಿಮಗೋ ಎದುರಿನವರಿಗೋ, ಯಾರದು ಹೆಚ್ಚು ಕೆಟ್ಟಿದೆಯೋ ಅವರಿಗೆ — ಎದುರಿನ ಬ್ಲಾಕಿಗೇನಾಗಿದೆ ದಾಡಿ, ನಾಲ್ಕು ಕಡೆ ಪಾಚಿ ಅಷ್ಟೇ, ಆದರೂ ಅಲ್ಲಿಯ ಹೆಂಗಸರು ಈ ಇಂಜಿನಿಯರನ ಮುಂದೆ ಸಾಲಾಗಿ ನಿಂತು ತಾಳ ಹಾಕಿಕೊಂಡು ಕೆಮ್ಮಿದರಂತೆ, ಕೆಮ್ಮಿಕೊಂಡು ಸಾಯಲಿ, ನಾನು ಕೆಮ್ಮುವ ಪೈಕಿಯಲ್ಲ, ಉಳಿ ಹಿಡಿಯುವ ಪೈಕಿ. ಬೆಳಿಗ್ಗೆ ಗಾರೆ ಕೆಲಸದ ತಮ್ಮನ ಚೀಲದಿಂದ ಎಗರಿಸಿದೆ, ಅಡುಗೆಮನೆಯ ಕಂಬದಲ್ಲಿ ಕೂದಲೆಳೆಯಂತಿದ್ದ ಬಿರುಕನ್ನು ಬೆರಳಗಲ ಮಾಡಿದೆ, ಬರೀ ಮೇಲಿನ ಗಾರೆ, ಉಗುರಿನಷ್ಟು ಆಳ, ಬೆಣ್ಣೆಯಂತೆ ಬಿಟ್ಟುಕೊಂಡಿತು, ನನ್ನ ರಟ್ಟೆಯ ಬಲ ಅಂಥದ್ದು, ಏನೇ ಇದು, ಮನೆ ಬೀಳಿಸ್ತೀಯಾ ಎಂದು ಗಂಡ, ಸುಮ್ನಿರ್ರೀ, ರಿಪೇರಿ ಬೇಕೋ ಬೇಡ್ವೋ, ಹೊಸ ಗಾಯ ಹಳೆಯದಾಗಿ ಕಾಣಲೆಂದು ಡಿಕಾಕ್ಷನ್ ಬಳಿದೆ, ಮೇಲೆ ಒಲೆಯ ಮಸಿ ಉಜ್ಜಿದೆ, ನೂರು ವರ್ಷದ ಬಿರುಕು ಹತ್ತು ನಿಮಿಷದಲ್ಲಿ ತಯಾರು, ಯಾವ ಇಂಜಿನಿಯರಿಗೆ ಬರುತ್ತದೆ ಈ ವಿದ್ಯೆ. ಯಾಕೆ ಮಾಡಬಾರದು? ನಾಲ್ಕನೇ ಮಹಡಿಯಲ್ಲಿ, ಇದೇ ಅಡುಗೆಮನೆಯ ನೆತ್ತಿಯ ಮೇಲೆ ಮಗಳ ಮನೆ, ತಾರಸಿ ಸೋರಿ ಮೊಮ್ಮಗಳ ತೊಟ್ಟಿಲನ್ನು ದಿನಕ್ಕೊಂದು ಮೂಲೆಗೆ ಎಳೆಯುತ್ತಾಳೆ, ಈಗಲೂ ತೊಟ್ಟಿಲ ಕಿರ್ ಕಿರ್ ಕೇಳುತ್ತಿದೆ, ಕೂಸನ್ನು ಮಲಗಿಸುತ್ತಿದ್ದಾಳೆ.

ಎಷ್ಟು ದಿನದಿಂದ ಇದೆಯಮ್ಮಾ ಇದು? ಬಂದ, ಬಗ್ಗಿದ, ಕೇಳಿದ, ಎಷ್ಟು ದಿನವಾ, ನಾನು ಮದುವೆಯಾಗಿ ಬಂದಾಗ್ಲೇ ಇದರೊಳಗೆ ಗುಬ್ಬಿ ಸಂಸಾರ ಮಾಡ್ತಿತ್ತು ಸಾರ್, ಕೆಳಗಿನ ಮನೆಯ ದರ್ಜಿ ಬಾಗಿಲಲ್ಲಿ ನಿಂತು ಕಿಸಕ್ಕೆಂದ, ಮೈಕಕ್ಕಾ, ಹೋದ ಸಲ ಪಾರಿವಾಳ ಅಂದಿದ್ರಿ, ಇರು ಮಗನೇ, ರಿಪೇರಿ ಬರಲಿ, ನಿನ್ನ ಮನೆಗೆ ಮಾತ್ರ ಸುಣ್ಣ ಬಳಿಯದಂತೆ ನೋಡಿಕೊಳ್ಳುತ್ತೇನೆ. ಇಂಜಿನಿಯರ್ ಮೂಸುತ್ತಿದ್ದಾನೆ, ಮೂಗಲ್ಲವೋ ಅದು, ಕಾಫಿ ವಾಸನೆ ಬರ್ತಿದೆಯಲ್ಲಮ್ಮ, ಅಡುಗೆಮನೆಯಲ್ಲಿ ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ ಸಾರ್, ಇದು ಇವತ್ತು ಕೆತ್ತಿದ್ದಮ್ಮ, ಎಷ್ಟು ಆಳ ಕೆತ್ತಿದೀರಿ ನೋಡೇಬಿಡೋಣ ಎಂದು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ, ಹಳದಿ ಹಿಡಿಯದ್ದು, ನೋಡು, ಉಗುರಿನಷ್ಟು ಹೋಗಿ ಟಣ್ ಎನ್ನುತ್ತದೆ, ನಿನ್ನೆದುರೇ ನಗುತ್ತೇನೆ, ಜಗಳಕ್ಕೆ ಮಾತು ನಾಲಿಗೆಯ ತುದಿಯಲ್ಲೇ ಇದೆ — ಒಳಗೆ ಹೋಯಿತು. ಟಣ್ ಎನ್ನಲಿಲ್ಲ. ಅವನು ಒತ್ತಲೂ ಇಲ್ಲ, ಎರಡೇ ಬೆರಳು, ಅಷ್ಟಕ್ಕೇ ಅದು ಒಳಗೊಳಗೆ ಇಳಿಯಿತು, ಒದ್ದೆ ಮರಳಿಗೆ ಇಳಿದಂತೆ, ನಾನು ಅಷ್ಟು ಕೆತ್ತಿಲ್ಲ, ಅಷ್ಟು ಕೆತ್ತಲು ನನ್ನಿಂದಾಗದು, ಹಳದಿ ಹಿಡಿ ಮಾತ್ರ ಹೊರಗೆ, ಕಂಬದಿಂದ ಸಣ್ಣಗೆ ಪುಡಿ ಸುರಿಯುತ್ತಿದೆ, ಅವನ ಶೂ ಮೇಲೆ, ಕೈ ಬಿಟ್ಟ, ಹಿಡಿ ಬೀಳಲಿಲ್ಲ, ಅಲ್ಲೇ ನೆಟ್ಟಿದೆ. ದರ್ಜಿ ನಗುತ್ತಿಲ್ಲ, ನಗೋ ಮಾರಾಯ. ಮೇಲೆ ಯಾರಿದಾರೆ? ದನಿ ಬದಲಾಗಿದೆ ಇವನದು, ಮಗಳು ಸಾರ್, ಕೂಸು, ಕೆಳಗಿಳಿಸಿ, ಈಗಲೇ, ಎಲ್ಲರೂ ಇಳೀರಿ, ಮತ್ತೆ ರಿಪೇರಿ ಸಾರ್, ರಿಪೇರಿ ದುಡ್ಡು ನಿಲ್ಲೋ ಕಟ್ಟಡಕ್ಕಮ್ಮ, ಇದನ್ನ ಖಾಲಿ ಮಾಡಿಸ್ಬೇಕು, ಎದುರಿನವರಿಗೆ, ಕೆಮ್ಮಿದವರಿಗೆ, ನಮ್ಮ ದುಡ್ಡು, ಎಲ್ಲಿಗೆ ಹೋಗೋದು ಸಾರ್ ಎಂದು ಕೇಳಬೇಕು, ಕಾಲರ್ ಹಿಡಿಯಬೇಕು, ಆಕಾಶ ಬಿರಿಯುವಂತೆ ಕೂಗಬೇಕು, ಬಿರುಕು ಇಷ್ಟು ದೊಡ್ಡದೆಂದು ನಾನೇ ಹೇಳಿರಲಿಲ್ಲ, ಮಗಳನ್ನು ಕೂಗಬೇಕು, ಈ ಗಂಟಲು, ಮೂವರನ್ನು ಓಡಿಸಿದ ಗಂಟಲು, ಕಿರ್ ಕಿರ್, ಪುಡಿ ನಿಲ್ಲುತ್ತಿಲ್ಲ, ಯಾರೂ ಮುಟ್ಟುತ್ತಿಲ್ಲ, ಹಳದಿ ಹಿಡಿ, ಕಂಬದಲ್ಲಿ, ಹಳದಿ ಹಿಡಿ