ಯಾರ ಬೀಗವೋ ಅವರೇ ತೆಗೆಯಬೇಕು

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಬೆಳಿಗ್ಗೆ ಬಿಸಿನೀರು ಬರದಿದ್ದರೆ ಏನಾಗುತ್ತದೆ ಗೊತ್ತೇ? ಮೊದಲು ಬಕೆಟ್ಟುಗಳು ಸದ್ದು ಮಾಡುತ್ತವೆ. ಆಮೇಲೆ ಫೋನುಗಳು. ಆ ಫೋನುಗಳೆಲ್ಲ ಬಂದು ಬೀಳುವುದು ಕ್ಯಾಂಪಸ್ಸಿನ ಚೀಫ್ ಎಂಜಿನಿಯರ್ ಮೇಜಿನ ಮೇಲೆ. ಎಲ್ಲರೂ ಅವರನ್ನು ಕರೆಯುವುದು ಮೇಡಂ ಎಂದು. ಕರೆಂಟು, ನೀರು, ಬಾಯ್ಲರು, ಲಿಫ್ಟು ಎಲ್ಲ ಓಡುತ್ತಿದ್ದಾಗ ಒಬ್ಬರೂ ಅವರನ್ನು ನೆನೆಯುವುದಿಲ್ಲ. ಒಂದು ನಿಂತರೆ ಸಾಕು, ಬೈಸಿಕೊಳ್ಳುವುದಕ್ಕೆ ಅವರೇ ಬೇಕು.

ಅವತ್ತು ಬಿಸಿನೀರಿನ ಪೈಪಿನ ಜಾಯಿಂಟು ಸೋರುತ್ತಿತ್ತು. ಸರಿಮಾಡಲು ಕೂತವನು ಪೈಪ್ ಫಿಟ್ಟರ್. ಕೆಲಸದಲ್ಲಿ ಚುರುಕು, ಮೇಲಾಗಿ ಫೋರ್‌ಮನ್‌ರ ಅಳಿಯ. ಆ ಫೋರ್‌ಮನ್‌ಗೆ ಎಲ್ಲರೂ ಇಟ್ಟ ಹೆಸರು ಗುಡುಗಣ್ಣ. ಕೈಯಲ್ಲಿ ವಾಕಿಟಾಕಿ ಇತ್ತು ನಿಜ, ಆದರೆ ಆ ಗಂಟಲಿಗೆ ಅದು ಬರೀ ಅಲಂಕಾರ.

ಅಳಿಯ ವಾಲ್ವನ್ನು ಮೊದಲೇ ಮುಚ್ಚಿಸಿದ್ದ. ಪಂಪಿನ ಕರೆಂಟು ನಿಲ್ಲಿಸುವುದೊಂದು ಬಾಕಿ ಇತ್ತು. "ಮಾವ, ಎರಡನೇದು ತೆಗೀರಿ" ಎಂದು ವಾಕಿಟಾಕಿಯಲ್ಲಿ ಅಂದ. ಎರಡನೇ ಸ್ವಿಚ್ಚು ತೆಗೀರಿ, ಅಂದರೆ ಆಫ್ ಮಾಡಿ ಎಂದು ಅವನ ಲೆಕ್ಕ. ಗುಡುಗಣ್ಣ ನಿಂತಿದ್ದು ವಾಲ್ವುಗಳ ಮುಂದೆ. ಎರಡನೇ ವಾಲ್ವು ತೆಗೀರಿ, ಅಂದರೆ ತಿರುಗಿಸಿ ನೀರು ಬಿಡಿ ಎಂದು ಅವರ ಲೆಕ್ಕ. ತೆಗೆದೇಬಿಟ್ಟರು.

ಕುದಿಯುವ ನೀರು ಜಾಯಿಂಟಿನಿಂದ ಎಗರಿ ಎದುರಿನ ಗೋಡೆಗೆ ಹೊಡೆಯಿತು. ಅಳಿಯ ಹಿಂದಕ್ಕೆ ಹಾರಿದ. ಮುಖ ಉಳಿಯಿತು, ಎಡಗೈ ಮೊಣಕೈವರೆಗೆ ಬೊಬ್ಬೆ ಎದ್ದಿತು.

ಆಸ್ಪತ್ರೆಯಲ್ಲಿ ಮಾವನೂ ಅಳಿಯನೂ ವಾದಕ್ಕೆ ನಿಂತರು. "ನಾನು ತೆಗೀರಿ ಅಂದೆ!" "ನಾನು ತೆಗೆದೆನಲ್ಲಪ್ಪಾ!" ಇಬ್ಬರ ಕನ್ನಡವೂ ಸರಿ. ಬಾಗಿಲು ತೆಗೆ ಅಂದರೆ ತೆರೆಯಬೇಕು, ಲೈಟು ತೆಗೆ ಅಂದರೆ ಆರಿಸಬೇಕು. ಹುಟ್ಟಿದಾಗಿನಿಂದ ಹಾಗೇ ಆಡುತ್ತೇವೆ. ಮನೆಯಲ್ಲಾದರೆ ನಗಬಹುದು. ಬ್ಯಾಂಡೇಜು ಸುತ್ತಿದ ಆ ಕೈ ನೋಡಿದ ಮೇಡಂಗೆ ನಗು ಬರಲಿಲ್ಲ. ಸಿಟ್ಟು ಬಂತು, ಅದೂ ತಮ್ಮ ಮೇಲೆ. ಇಷ್ಟು ದೊಡ್ಡ ವಿಭಾಗವನ್ನು ಬರೀ ಬಾಯಿಮಾತಿನ ಮೇಲೆ ನಡೆಸುತ್ತಿದ್ದೀನಲ್ಲಾ ಅನ್ನಿಸಿತು.

ಆ ವಾರವೇ ಎಲ್ಲರನ್ನೂ ಬಾಯ್ಲರ್ ಮನೆಯಲ್ಲಿ ಸೇರಿಸಿದರು. ಪ್ರತಿಯೊಬ್ಬರಿಗೂ ಒಂದೊಂದು ಕೆಂಪು ಬೀಗ, ಒಂದೇ ಒಂದು ಬೀಗದ ಕೈ, ಬೀಗಕ್ಕೆ ನೇತುಹಾಕಲು ಅವರವರ ಫೋಟೊ ಇರುವ ಚೀಟಿ.

"ಇವತ್ತಿಂದ ವಾಕಿಟಾಕೀಲಿ 'ತೆಗಿ', 'ಹಾಕು' ಬೇಡ. ಸ್ವಿಚ್ ಆಫ್, ಸ್ವಿಚ್ ಆನ್, ವಾಲ್ವ್ ತೆರಿ, ವಾಲ್ವ್ ಮುಚ್ಚು ಅಂತ ಬಿಡಿಸಿ ಹೇಳಿ. ಕೇಳಿಸ್ಕೊಂಡವರು ಅದನ್ನೇ ತಿರುಗಿ ಹೇಳಿ. ಮಷೀನಿಗೆ ಕೈ ಹಾಕೋ ಮುಂಚೆ ಆಫ್ ಮಾಡಿ, ನಿಮ್ಮ ಬೀಗ ನೀವೇ ಹಾಕಿ, ಬೀಗದ ಕೈ ನಿಮ್ಮ ಜೇಬಲ್ಲಿರಲಿ. ಆಮೇಲೂ ಒಂದ್ಸಲ ಆನ್ ಒತ್ತಿ ನೋಡಿ, ಏನೂ ಓಡ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಯಾರ ಬೀಗವೋ ಅವರೇ ತೆಗೀಬೇಕು. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

ಗುಡುಗಣ್ಣನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಮಗಳ ಮದುವೇಲಿ ಸಿಕ್ಕಿರೋ ಬೀಗರೇ ನನಗೆ ಸಾಕಾಗಿದ್ದಾರೆ. ಈಗ ಈ ಬೀಗ ಬೇರೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಮೇಡಂ ಕೂಡ.

"ಬೀಗ ಹಾಕೋದು ಕಳ್ಳರು ಇರೋ ಕಡೆ ಮೇಡಂ. ಇಲ್ಲಿ ಕಳ್ಳ ಯಾರು? ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಿಮ್ಮನ್ನ ನಂಬ್ತೀನಿ ಯಜಮಾನ್ರೇ. ಅವಸರವನ್ನ ನಂಬಲ್ಲ, ಮರೆವನ್ನ ನಂಬಲ್ಲ. ಇಲ್ಲಿರೋ ಕಳ್ಳರು ಅವರಿಬ್ಬರೇ."

"ಸರಿ, ಬೀಗದ ಕೈ ಕಳೆದುಹೋದ್ರೆ?"

"ಬೀಗ ಹಾಕಿದ ಮನುಷ್ಯನ್ನ ಹುಡುಕಿ. ಅವನು ನಿಮ್ಮ ಕಣ್ಣೆದುರಿಗೆ ಬಂದು ನಿಲ್ಲಲಿ. ಆಮೇಲೆ ಬೀಗ ಕತ್ತರಿಸೋಣ."

ಗುಡುಗಣ್ಣ ಬೀಗವನ್ನು ಜೇಬಿಗೆ ಹಾಕಿಕೊಂಡರೇ ಹೊರತು ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಮೇಡಂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತಿದಾರೆ ಎಂದು ಕ್ಯಾಂಟೀನಿನಲ್ಲಿ ನಾಲ್ಕು ಜನಕ್ಕೆ ಕೇಳಿಸುವಂತೆಯೇ ಹೇಳಿದರು. ಮೇಡಂ ಕಿವಿಗೂ ಅದು ಬಿತ್ತು. ಬೀಳಲಿ ಎಂದು ತಮ್ಮ ಕೆಲಸ ನೋಡಿಕೊಂಡರು.

ಅಳಿಯನ ಕೈ ವಾಸಿಯಾಯಿತು, ಕೆಲಸಕ್ಕೆ ಬಂದ. ಬೇಸಿಗೆಯೂ ಬಂತು. ಸಭಾಂಗಣದಲ್ಲಿ ದೊಡ್ಡ ಸಮಾರಂಭ. ಸಭಾಂಗಣಕ್ಕೆ ತಣ್ಣನೆಯ ಗಾಳಿ ತಳ್ಳುವ ದೈತ್ಯ ಫ್ಯಾನು ಇರುವುದು ಮಹಡಿಯ ಮೇಲಿನ ಕೋಣೆಯಲ್ಲಿ. ಆ ಬೆಳಿಗ್ಗೆಯೇ ಅದರ ಬೆಲ್ಟು ಕಿರುಚಲು ಶುರುಮಾಡಿತು. ಬದಲಾಯಿಸಲು ಅಳಿಯ ಹೋದ. ಹೋಗುವ ಮೊದಲು ಕೆಳಗಿನ ಪ್ಯಾನೆಲ್ ಕೋಣೆಯಲ್ಲಿ ಸ್ವಿಚ್ ಆಫ್ ಮಾಡಿ, ತನ್ನ ಕೆಂಪು ಬೀಗ ಜಡಿದ.

ಅತಿಥಿಗಳು ಬಂದು ಕೂತರು. ಒಳಗೆ ಬೇಯುವ ಸೆಕೆ. ಜನ ಆಮಂತ್ರಣ ಪತ್ರಿಕೆಯಲ್ಲೇ ಗಾಳಿ ಬೀಸಿಕೊಳ್ಳತೊಡಗಿದರು. ರಿಜಿಸ್ಟ್ರಾರ್ ಫೋನಿನ ಮೇಲೆ ಫೋನು ಮಾಡಿದರು. ಮೇಡಂ ಓಡಿಬಂದು ನೋಡಿದರೆ, ಪ್ಯಾನೆಲ್ ಕೋಣೆಯಲ್ಲಿ ಗುಡುಗಣ್ಣ ಬೀಗ ಕತ್ತರಿಸುವ ಕಟರ್ ಹಿಡಿದು ನಿಂತಿದ್ದಾರೆ!

"ಏನು ಮಾಡ್ತಿದೀರಿ?"

"ಬೆಲ್ಟ್ ಹಾಕಿ ಆಯ್ತು ಅಂತ ಅಳಿಯಂದ್ರು ಆಗಲೇ ವಾಕಿಟಾಕೀಲಿ ಅಂದ್ರು ಮೇಡಂ. ಈಗ ಕರೆದ್ರೆ ಉತ್ತರ ಇಲ್ಲ. ಬೀಗ ಮರೆತು ಟೀ ಕುಡಿಯೋಕೆ ಹೋಗಿರ್ತಾರೆ."

"ಹೋಗಿದ್ದನ್ನ ಕಣ್ಣಾರೆ ನೋಡಿದ್ರಾ?"

"ನೋಡಿಲ್ಲ. ಆದ್ರೂ..."

"ಹಾಗಾದ್ರೆ ಕಟರ್ ಕೆಳಗಿಡಿ."

ಅಷ್ಟರಲ್ಲಿ ರಿಜಿಸ್ಟ್ರಾರ್ ಅವರೇ ಬೆವರು ಒರೆಸಿಕೊಳ್ಳುತ್ತಾ ಬಂದರು. "ಒಂದು ಜುಜುಬಿ ಬೀಗಕ್ಕೋಸ್ಕರ ಇಡೀ ಸಭೆ ಕಾಯಬೇಕೇನ್ರೀ? ಒಡೀರಿ ಅದನ್ನ! ಇಲ್ಲಾಂದ್ರೆ ನಾಳೆ ನಿಮ್ಮ ಕುರ್ಚೀಲಿ ಬೇರೆಯವರು ಕೂತಿರ್ತಾರೆ."

ಸುಳ್ಳೇಕೆ, ಮೇಡಂಗೆ ಹೆದರಿಕೆ ಆಯಿತು. ಗುಡುಗಣ್ಣ ಹೇಳಿದ್ದೇ ನಿಜವಾಗಿದ್ದರೆ? ಅಳಿಯ ಕ್ಯಾಂಟೀನಿನಿಂದ ಬಾಯಿ ಒರೆಸಿಕೊಂಡು ಬಂದರೆ? ನಾಳೆ ಇಡೀ ಕ್ಯಾಂಪಸ್ಸೇ ನಗುತ್ತದೆ. ನಗಲಿ. ಅವರು ಪ್ಯಾನೆಲ್ಲಿಗೆ ಬೆನ್ನು ಕೊಟ್ಟು ನಿಂತರು.

"ಕುರ್ಚಿ ನಿಮ್ಮದು ಸರ್, ಬೇಕಾದ್ರೆ ತಗೊಳ್ಳಿ. ತಲೆ ಮೇಲೆ ತಲೆ ಬಿದ್ರೂ ಈ ಬೀಗ ಮಾತ್ರ ಇನ್ನೊಬ್ಬರು ತೆಗೆಯೋ ಹಾಗಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. "ಯಜಮಾನ್ರೇ, ಬನ್ನಿ ನನ್ನ ಜೊತೆ. ಮನುಷ್ಯ ಎಲ್ಲಿದಾನೆ, ನೋಡೋಣ." ರಿಜಿಸ್ಟ್ರಾರ್ ಅವರನ್ನೂ ಹೊರಗೆ ಕರೆದು, ಪ್ಯಾನೆಲ್ ಕೋಣೆಗೂ ಬೀಗ ಹಾಕಿಕೊಂಡೇ ಹೊರಟರು.

ಇಬ್ಬರೂ ಏದುಸಿರು ಬಿಡುತ್ತಾ ಮಹಡಿ ಹತ್ತಿದರು. ಫ್ಯಾನ್ ಕೋಣೆಯ ಬಾಗಿಲು ಅರೆ ತೆರೆದಿತ್ತು. ವಾಕಿಟಾಕಿ ನೆಲದ ಮೇಲೆ ಬಿದ್ದಿತ್ತು, ಚಾರ್ಜು ಮುಗಿದು ಸತ್ತುಹೋಗಿತ್ತು. ಫ್ಯಾನಿನ ತಗಡಿನ ಗೂಡಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಮಿಕ್ಕ ಮೈಯೆಲ್ಲ ಆಳೆತ್ತರದ ರೆಕ್ಕೆಗಳ ನಡುವೆ ಇತ್ತು.

ಗುಡುಗಣ್ಣ ಓಡಿಹೋಗಿ ಅಳಿಯನ ಕಾಲು ಹಿಡಿದು, "ಹೊರಗೆ ಬಾರಪ್ಪಾ... ಹೊರಗೆ ಬಾ ನನ್ನಪ್ಪಾ" ಎಂದರು.

"ಯಾಕ್ ಮಾವ, ಏನಾಯ್ತು?" ಒಳಗಿಂದ ಅಳಿಯನ ಮಾತು ಬಂತು. "ಬೆಲ್ಟ್ ಏನೋ ಹಾಕಿ ಆಯ್ತು. ಒಂದು ನಟ್ಟು ಒಳಗೆ ಬಿದ್ದುಬಿಡ್ತು. ತಗೊಂಡು ಬಂದೆ, ಇರಿ."

ಅವನು ಗ್ರೀಸು ಮೆತ್ತಿದ ಮುಖ ಹೊರಹಾಕಿದಾಗ ಮಾವ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಮೇಡಂ ಗೋಡೆಗೆ ಒರಗಿಕೊಂಡರು.

ಮೂವರೂ ಕೆಳಗಿಳಿದು ಬಂದರು. ಅಳಿಯ ತನ್ನ ಜೇಬಿನಿಂದ ಬೀಗದ ಕೈ ತೆಗೆದು ತನ್ನ ಬೀಗ ತಾನೇ ಬಿಚ್ಚಿದ. ಫ್ಯಾನು ಓಡಿತು, ಸಮಾರಂಭ ತಡವಾಗಿ ಶುರುವಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ನಡೆದದ್ದನ್ನು ಕೇಳಿ ರಿಜಿಸ್ಟ್ರಾರ್ ಬಿಳಿಚಿಕೊಂಡರು. "ನಾನು ಒಡೀರಿ ಅಂದಿದ್ನಲ್ಲಾ ಮೇಡಂ" ಎಂದವರು ಆಮೇಲೆ ಕುರ್ಚಿಯ ಮಾತೆತ್ತಲಿಲ್ಲ.

ಮರುದಿನ ಗುಡುಗಣ್ಣನ ಹೆಂಡತಿ ಗಂಡನನ್ನು ಮುಂದಿಟ್ಟುಕೊಂಡು ಮೇಡಂ ಆಫೀಸಿಗೆ ಬಂದರು. ಅವರು ಹಾಸ್ಟೆಲಿನ ಮುಖ್ಯ ಅಡುಗೆಯವರು.

"ನಿನ್ನೆ ಇವರು ತುತ್ತು ಬಾಯಿಗಿಡಲಿಲ್ಲ ಮೇಡಂ. ಮಗಳ ಮುಖ ಹೇಗೆ ನೋಡ್ಲಿ, ಹೇಗೆ ನೋಡ್ಲಿ ಅಂತ ಒಂದೇ ಸಮ. ನೋಡ್ರೀ, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ. ನಮ್ಮ ಪುಣ್ಯ, ಕೆಡೋಕೆ ಮುಂಚೆ ಬಂತು ಅಂದೆ."

"ಸುಮ್ನಿರೇ" ಎಂದರು ಗುಡುಗಣ್ಣ, ಮೊದಲ ಸಲ ಮೆಲುದನಿಯಲ್ಲಿ.

"ಯಾಕ್ರೀ ಸುಮ್ನಿರ್ಲಿ? ಮೇಡಂ, ನನಗೂ ಒಂದು ಬೀಗ ಕೊಡಿ. ಹಿಟ್ಟು ಕಲಸೋ ಮಷೀನಿನೊಳಗೆ ನಮ್ಮ ಹೆಣ್ಣುಮಕ್ಕಳು ಕೈ ಹಾಕಿ ತೊಳೀತಾರೆ. ಪ್ಲಗ್ಗು ಕೀಳಿ ಅಂದ್ರೆ ನನ್ನನ್ನೇ ನೋಡಿ ನಗ್ತಾರೆ. ನಗ್ಲಿ, ಮೊದಲು ನಾನೇ ಹಾಕಿ ತೋರಿಸ್ತೀನಿ."

ಮೇಡಂ ಎದ್ದು ಬೀರು ತೆರೆದರು. ಆಗ ಗುಡುಗಣ್ಣ ಗಂಟಲು ಸರಿಮಾಡಿಕೊಂಡರು. "ಅಡುಗೆಮನೆಯವರಿಗೆ ಇದನ್ನ ನಾನೇ ಹೇಳಿಕೊಡ್ತೀನಿ ಮೇಡಂ. ಕಟರ್ ಹಿಡಿದವನು ಹೇಳಿದ್ರೆ ಕೇಳ್ತಾರೆ."

ಓದುವವರೇ, ಕೇಳುವವರೇ, ನಿಮ್ಮದು ಕಾರ್ಖಾನೆ ಇರಲಿ, ಹಿಟ್ಟಿನ ಗಿರಣಿ ಇರಲಿ, ಮನೆಯ ನೀರಿನ ಪಂಪೇ ಇರಲಿ. ಕೈ ಹಾಕುವ ಮುಂಚೆ ಆಫ್ ಮಾಡಿ. ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಬೀಗ ಹಾಕಲು ಆಗದಿದ್ದರೆ ಪ್ಲಗ್ಗು ಕಿತ್ತು ನಿಮ್ಮ ಕಣ್ಣೆದುರಿಗೇ ಇಟ್ಟುಕೊಳ್ಳಿ. ಹೇಳುವುದನ್ನು ಬಿಡಿಸಿ ಹೇಳಿ, ತಿರುಗಿ ಹೇಳಿಸಿಕೊಳ್ಳಿ. ಯಾರೋ ಆಫ್ ಮಾಡಿಟ್ಟ ಸ್ವಿಚ್ಚು ಕಂಡರೆ, ಅದರ ಆ ಕಡೆ ಒಬ್ಬ ಮನುಷ್ಯ ಇದ್ದಾನೆ ಎಂದೇ ತಿಳಿಯಿರಿ. ಅವನು ಯಾರದೋ ಮಗ, ಯಾರದೋ ಗಂಡ, ಯಾರದೋ ಅಳಿಯ. ಅವನು ಬಂದು ನಿಮ್ಮೆದುರು ನಿಲ್ಲುವವರೆಗೂ ಆ ಸ್ವಿಚ್ಚಿಗೆ ಕೈ ಹಚ್ಚಬೇಡಿ.