ಅವಳ ಮಾತು ಅವನ ಬಾಯಲ್ಲಿ

ಧನ್ಯಾಳ ಕ್ಲಾಸ್ ಟೀಚರ್ ಫೋನ್ ಮಾಡಿ, "ನಿಮ್ಮ ಮಿಸೆಸ್ ಊರಿನಿಂದ ಯಾವಾಗ ಬಂದರು?" ಎಂದು ಕೇಳಿದಾಗ ಚಂದ್ರಮೋಹನನಿಗೆ ಏನೂ ಅರ್ಥವಾಗಲಿಲ್ಲ. ಹೆಂಡತಿ ಲೀಲಾವತಿ ಎಲ್ಲಿಗೂ ಹೋಗಿರಲಿಲ್ಲ. ದಿಲ್ಲಿಯ ರೋಹಿಣಿ ಬಡಾವಣೆಯ ತಮ್ಮ ಫ್ಲ್ಯಾಟಿನಲ್ಲೇ ಇದ್ದಳು. ಆದರೆ ಹತ್ತನೇ ಕ್ಲಾಸಿನ ಮಗಳು, ಅಮ್ಮ ಹಾಸನದಲ್ಲಿ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಳೆ ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದಳು. ಪೇರೆಂಟ್ಸ್ ಮೀಟಿಂಗಿಗೆ ಹೋಗುತ್ತಿದ್ದುದು ಚಂದ್ರಮೋಹನನೊಬ್ಬನೇ. ಅಮ್ಮನಿಗೆ ಬರಲು ಇಷ್ಟವಿಲ್ಲವೆಂದು ಅವನಿಗೆ, ಅಪ್ಪನೊಬ್ಬನೇ ಸಾಕಂತೆ ಎಂದು ಅಮ್ಮನಿಗೆ ಹೇಳಿ ಮಗಳು ಇಬ್ಬರನ್ನೂ ನಂಬಿಸಿದ್ದಳು. ಟೀಚರ್ ಮಾರ್ಕೆಟಿನಲ್ಲಿ ತಾಯಿ ಮಗಳನ್ನು ಒಟ್ಟಿಗೆ ಕಂಡ ಮೇಲೆ ಸುಳ್ಳು ಹೊರಬಿದ್ದಿತ್ತು.

"ಬೈಯಬೇಡಿ. ಒಬ್ಬ ಫ್ಯಾಮಿಲಿ ಕೋಚ್ ಇದ್ದಾರೆ, ಮೂವರೂ ಹೋಗಿ ಬನ್ನಿ" ಎಂದರು ಟೀಚರ್.

ಕೋಚಿಂಗ್ ಅಂದರೆ ಅವನಿಗೆ ಗೊತ್ತಿದ್ದದ್ದು ಎಂಟ್ರೆನ್ಸ್ ಪರೀಕ್ಷೆಯ ಕೋಚಿಂಗ್ ಒಂದೇ. ಸಂಸಾರಕ್ಕೂ ಅಂಥದ್ದು ಇರುತ್ತದೆಂದು ಈಗ ತಿಳಿಯಿತು. ಮಗಳಿಗೆ ಯಾರಾದರೂ ನಾಲ್ಕು ಬುದ್ಧಿಮಾತು ಹೇಳಿದರೆ ಒಳ್ಳೆಯದೇ ಎಂದುಕೊಂಡು ಶನಿವಾರ ಇಬ್ಬರನ್ನೂ ಇ-ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟ.

ಕೋಚ್ ಹೆಸರು ಮೀನಾಕ್ಷಿ ಖುರಾನಾ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೋಣೆ. ಐವತ್ತರ ಆಸುಪಾಸಿನ ಹೆಂಗಸು. ಅವರಿಗೆ ಕನ್ನಡ ಬಾರದು. ಚಂದ್ರಮೋಹನ ತನ್ನ ಹಿಂದಿಯಲ್ಲಿ ನಿರರ್ಗಳವಾಗಿ ಶುರುಮಾಡಿದ. ಅವನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ದಕ್ಷಿಣದವನೆಂದು ಗೊತ್ತೇ ಆಗುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳಿದಾಗಲೆಲ್ಲ ಉಬ್ಬುತ್ತಿದ್ದ.

"ಹೆತ್ತ ತಾಯಿಯನ್ನ ಕಂಡರೆ ನಾಚಿಕೆಯಂತೆ ಈ ಹುಡುಗಿಗೆ. ಇವಳನ್ನ ಸರಿ ಮಾಡಿಕೊಡಿ ಮೇಡಂ."

ಧನ್ಯಾ ನೆಲ ನೋಡುತ್ತ ಕುಳಿತಿದ್ದಳು.

"ಸರಿ ಮಾಡಿಕೊಡೋದು ನನ್ನ ಕೆಲಸ ಅಲ್ಲ," ಎಂದರು ಖುರಾನಾ ಮೇಡಂ. "ನಾನು ಡಾಕ್ಟರಲ್ಲ. ಯಾರಿಗಾದರೂ ಕಾಯಿಲೆ ಇದೆ ಅನ್ನಿಸಿದರೆ ಡಾಕ್ಟರ ಹತ್ತಿರ ಕಳಿಸ್ತೀನಿ. ಯಾರ ತಪ್ಪು ಅಂತ ತೀರ್ಪೂ ಕೊಡಲ್ಲ. ಮನೆಯಲ್ಲಿ ಏನು ಬದಲಾಗಬೇಕು ಅಂತ ನೀವು ಮೂವರೂ ಹೇಳಬೇಕು. ಬದಲಾಯಿಸೋದೂ ನೀವೇ. ನಾನು ಕೇಳ್ತೀನಿ, ಕೇಳಿಸ್ತೀನಿ." ಆಮೇಲೆ ಲೀಲಾವತಿಯತ್ತ ತಿರುಗಿದರು. "ನೀವು ಹೇಳಿ."

ಲೀಲಾವತಿ ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು. "ನೀವೇ ಹೇಳ್ಬಿಡಿ" ಎಂದಳು ಅವನಿಗೆ, ಕನ್ನಡದಲ್ಲಿ. ದಿಲ್ಲಿಗೆ ಬಂದು ಎಂಟು ವರ್ಷವಾಗಿದ್ದರೂ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟೇ ಅವಳ ಹಿಂದಿ.

"ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ" ಎಂದಳು ಧನ್ಯಾ.

"ಬೇಡ ಬೇಟಾ. ದೊಡ್ಡವರ ಮಾತು ಹೊರೋ ಕೆಲಸ ನಿನ್ನದಲ್ಲ," ಎಂದು ಮೇಡಂ ಚಂದ್ರಮೋಹನನನ್ನು ನೋಡಿದರು. "ನೀವು ಮಾಡಿ. ಅವರು ಹೇಳಿದ್ದನ್ನ ಹಾಗೇ ಹೇಳಿ. ಏನೂ ಸೇರಿಸಬೇಡಿ, ಬಿಡಬೇಡಿ."

ಅದೇನು ಮಹಾ ಎಂದುಕೊಂಡ ಅವನು.

"ನಂಗೆ ಧನ್ಯಾ ಮೇಲೆ ಸಿಟ್ಟಿಲ್ಲ" ಎಂದಳು ಲೀಲಾವತಿ.

"ಮಗಳ ಮೇಲೆ ಸಿಟ್ಟಿಲ್ಲ ಅಂತಾಳೆ."

"'ಅಂತಾಳೆ' ಬೇಡ. ಅವರು ತಮ್ಮ ಬಗ್ಗೆ ಹೇಳಿದರೆ ನೀವೂ 'ನನಗೆ' ಅಂತಲೇ ಅನ್ನಿ. ಅವರ ಜಾಗದಲ್ಲಿ ಕೂತು ಮಾತಾಡಿ."

ಅವನು ಮೆಲ್ಲಗೆ ನಕ್ಕು, "ನನಗೆ ಮಗಳ ಮೇಲೆ ಸಿಟ್ಟಿಲ್ಲ" ಎಂದ.

ಲೀಲಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವಳು ನೋಡಿ ಕಲಿತದ್ದು. ನಾವು ಬಂದ ಹೊಸದರಲ್ಲಿ ನಿಮ್ಮ ಆಫೀಸಿನವರು ಊಟಕ್ಕೆ ಬಂದಿದ್ರಲ್ಲ, ಬಾಗಿಲು ತೆಗೆದು 'ಮೇರೀ ಪತಿ ಆ ಗಯೀ' ಅಂದ್ಬಿಟ್ಟೆ. ಗಂಡನ್ನ ಹೆಣ್ಣು ಮಾಡ್ಬಿಟ್ಟೆ. ಆವತ್ತು ನೀವು ನಕ್ಕಿದ್ದಕ್ಕೆ ನಾನೂ ನಕ್ಕೆ. ಆದರೆ ಆಮೇಲೆ ಯಾರು ಬಂದರೂ ನನ್ನ ದನಿ ಮಾಡಿ ಅದನ್ನೇ ಆಡಿ ತೋರಿಸಿದ್ರಿ. ನಾನು ತಟ್ಟೆ ಹಿಡ್ಕೊಂಡು ಅಡಿಗೆಮನೆ ಬಾಗಿಲಲ್ಲಿ ನಿಂತಿರ್ತಿದ್ದೆ."

ಚಂದ್ರಮೋಹನ ಕೆಮ್ಮಿ, ಹಿಂದಿಯಲ್ಲಿ ಹೇಳಿದ: "ನನ್ನ ಹಿಂದಿಯಲ್ಲಿ ಒಂದು ಸಲ ತಪ್ಪಾಯಿತು. ಮನೆಯಲ್ಲಿ ಸ್ವಲ್ಪ ತಮಾಷೆ ಆಯಿತು. ನನಗೆ ಕೊಂಚ ಬೇಜಾರಾಯಿತು."

"ನಹೀ ಪಾಪಾ," ಎಂದಳು ಧನ್ಯಾ ತಲೆಯೆತ್ತದೆ. "ಅಮ್ಮ ತಮಾಷೆ ಅಂತ ಹೇಳ್ಲೇ ಇಲ್ಲ."

ಮೇಡಂ ಅವನನ್ನು ಅವಸರಪಡಿಸಲಿಲ್ಲ. ಅವನು ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಯಿತು. ಬಾಗಿಲು, ಅತಿಥಿಗಳು, ತಟ್ಟೆ ಹಿಡಿದು ನಿಂತದ್ದು. ಎಷ್ಟೋ ಊಟಗಳಲ್ಲಿ ಎಲ್ಲರನ್ನೂ ನಗಿಸಿದ್ದ ಮಾತು ಈಗ ಅವನ ಬಾಯಿಂದ ಒಂದೊಂದೇ ತುಂಡಾಗಿ ಬಿತ್ತು.

"ಆಮೇಲೆ ಧನ್ಯಾನೂ ನಗೋಕೆ ಶುರು ಮಾಡಿದ್ಲು," ಎಂದಳು ಲೀಲಾವತಿ. "ಈಗ ಬಾಯಿ ತೆಗೆಯೋಕೇ ನಂಗೆ ಹೆದರಿಕೆ."

ಅವನು ಹೇಳಹೊರಟು ತಡೆದ. ಹಿಂದಿಯಲ್ಲಿ 'ನಾನು ಹೆದರುತ್ತೇನೆ' ಎಂದು ಗಂಡಸು ಒಂದು ಥರ ಹೇಳಬೇಕು, ಹೆಂಗಸು ಇನ್ನೊಂದು ಥರ. ಅವಳ ಜಾಗದಲ್ಲಿ ಕೂತು ಹೇಳಬೇಕೆಂದಿದ್ದರು ಮೇಡಂ.

"ಮೈಂ ಡರತೀ ಹೂಂ" ಎಂದ.

ಹೆಣ್ಣಿನ ಮಾತು, ಗಂಡಸಿನ ದನಿ. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನ್ನಿಸಿತು. ಮಗಳನ್ನು ತಿದ್ದಿಸಲು ಬಂದವನು ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿಯ ಪರದೆ ನೋಡಿದ.

ಧನ್ಯಾ ಅಳುತ್ತಿದ್ದಳು. "ಸಾರಿ ಅಮ್ಮಾ. ಫ್ರೆಂಡ್ಸ್ ಮುಂದೆ ನೀನು ಮಾತಾಡಿದ್ರೆ ಅವರೂ ನಗ್ತಾರೆ ಅಂತ... ಮುಝೇ ಡರ್ ಲಗಾ."

ಲೀಲಾವತಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಗಂಡನ ಕಡೆ ನೋಡಲಿಲ್ಲ.

ಮನೆಗೆ ಬಂದಮೇಲೆ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ತಪ್ಪಾಯ್ತು ಲೀಲಾ" ಎಂದ. ಪರವಾಗಿಲ್ಲ ಬಿಡಿ ಎನ್ನುತ್ತಾಳೆಂದು ಕಾದ. ಅವಳು "ಹೂಂ" ಎಂದು ಬೀನ್ಸ್ ಹೆಚ್ಚುವುದನ್ನು ಮುಂದುವರಿಸಿದಳು. ಕ್ಷಮೆ ಕೇಳಿದ ತಕ್ಷಣ ಅವಳು ತನ್ನನ್ನು ಸಮಾಧಾನ ಮಾಡಬೇಕೆಂದು ಬಯಸಿದೆನಲ್ಲ ಎಂದು ಇನ್ನಷ್ಟು ನಾಚಿದ.

ಮುಂದಿನ ಶನಿವಾರ ಅವನು ಶರ್ಟ್ ಹಾಕಿಕೊಳ್ಳುತ್ತಿದ್ದಾಗ ಲೀಲಾವತಿ ಹೇಳಿದಳು: "ಇವತ್ತು ನಾನೊಬ್ಬಳೇ ಮೇಡಂ ಹತ್ರ ಮಾತಾಡ್ತೀನಿ. ಒಬ್ಬರೇ ಬಂದ್ರೂ ಆಗತ್ತಂತೆ. ಕೇಳಿದ್ದೆ."

"ಯಾರ ಕೈಲಿ ಕೇಳಿಸ್ದೆ?"

"ನಾನೇ ಫೋನ್ ಮಾಡ್ದೆ."

ಅವಳನ್ನು ಅಲ್ಲಿಯವರೆಗೆ ಬಿಟ್ಟು ಅವನು ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕುಳಿತ. ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಒಳಗಿನಿಂದ ಅವಳ ಹಿಂದಿ ಕೇಳಿಸುತ್ತಿತ್ತು. ಎರಡು ಮಾತು, ಒಂದು ತಡೆ, ಮತ್ತೆ ಎರಡು ಮಾತು. ತಡೆದಾಗಲೆಲ್ಲ ಮೇಡಂ ಕಾಯುತ್ತಿದ್ದರು. ಗಂಡು ಹೆಣ್ಣು ಕಲಸಿಹೋಗಿ ಒಂದು ವಾಕ್ಯ ತಪ್ಪಿತು. ಅವನ ನಾಲಗೆ ತಾನಾಗಿ ಅದನ್ನು ತಿದ್ದಲು ಹೊರಟಿತು. ಅದು ಗೊತ್ತಾದ ಕೂಡಲೇ ಎದ್ದು ಮೆಟ್ಟಿಲಿಳಿದು ಬೀದಿಗೆ ಹೋಗಿ ನಿಂತ.

ಲೀಲಾವತಿ ಬಂದಾಗ ಮುಖದ ತುಂಬ ಬೆವರಿತ್ತು, ಬಹಳ ದೂರ ನಡೆದು ಬಂದವಳ ಹಾಗೆ. ಸ್ವಲ್ಪ ದೂರ ಹೋದಮೇಲೆ ಅವಳೇ ಹೇಳಿದಳು:

"ನಿಮ್ಮ ವಿಷಯ ಏನೂ ಮಾತಾಡ್ಲಿಲ್ಲ."

"ಮತ್ತೆ?"

"ಬಿ.ಎಸ್‌ಸಿ. ಮಾಡಿದ್ದೀನಲ್ಲ. ನಮ್ಮ ಬಿಲ್ಡಿಂಗಿನ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡ್ಬೇಕು ಅಂತ ಆಸೆ. ಹೇಗೆ ಶುರು ಮಾಡೋದು ಅಂತ ಅದನ್ನೇ ಮಾತಾಡಿದ್ವಿ. ನಾಳೆ ಕೆಳಗಿನ ಮನೆಯವರನ್ನ ಹೋಗಿ ಕೇಳ್ತೀನಿ."

ಆ ಅರ್ಧ ಗಂಟೆ ಬೀದಿಯಲ್ಲಿ ನಿಂತು, ಒಳಗೆ ನಡೆಯುತ್ತಿರುವುದೆಲ್ಲ ತನ್ನದೇ ವಿಚಾರಣೆ ಎಂದು ಚಂದ್ರಮೋಹನ ತಿಳಿದಿದ್ದ. ಇಷ್ಟು ವರ್ಷದಲ್ಲಿ ಅವಳಿಗೆ ಇಂಥದ್ದೊಂದು ಆಸೆಯಿದೆ ಎಂದು ಅವನು ಕೇಳಿರಲೇ ಇಲ್ಲ.

"ನಾನೂ ಬರ್ಲಾ?" ಎಂದ.

"ಬೇಡ," ಎಂದಳು ಲೀಲಾವತಿ. "ಧನ್ಯಾ ಬರ್ತೀನಿ ಅಂದಿದ್ದಾಳೆ. ಅವಳಿಗೂ ಹೇಳಿದ್ದೀನಿ, ಮಾತಾಡೋದು ನಾನೇ ಅಂತ."