ಕಾಕಂಬಿಯ ಕೋರ್

ಅಗಸೆ ಎಣ್ಣೆಯ ಡಬ್ಬ ತಳ ಕಂಡ ಮೇಲೂ ಕೋರಕ್ಕ ಮೂರು ದಿನ ಕೆಲಸ ನಡೆಸಿದಳು. ಡಬ್ಬವನ್ನು ತಲೆಕೆಳಗು ಮಾಡಿದಳು, ಬಡಿದಳು, ಬಿಸಿಲಿಗಿಟ್ಟಳು, ಕೊನೆಗೆ ಬೈದಳು. ಬೈಗುಳಕ್ಕೆ ಇನ್ನೂ ಅರ್ಧ ಲೋಟ ಎಣ್ಣೆ ಇಳಿಯಿತು. ಅವಳು ಬೈದರೆ ಕಲ್ಲೂ ಬೆವರುತ್ತದೆ ಎಂದು ಎರಕದ ಕಾರ್ಖಾನೆಗೆಲ್ಲ ಗೊತ್ತಿತ್ತು.

ಇಪ್ಪತ್ತು ವರ್ಷದಿಂದ ಅವಳು ಕೋರ್ ಮಾಡುತ್ತಿದ್ದಳು, ಹಾಗಾಗಿ ಕೋರಕ್ಕ. ಪಂಪಿನೊಳಗೆ ನೀರು ಸುತ್ತಲು ಟೊಳ್ಳು ಬೇಕಲ್ಲ, ಆ ಟೊಳ್ಳಿನ ಆಕಾರದ ಮರಳಿನ ಗಟ್ಟಿಯೇ ಕೋರ್. ಅದನ್ನು ಅಚ್ಚಿನ ನಡುವೆ ಕೂರಿಸಿ ಸುತ್ತ ಕರಗಿದ ಕಬ್ಬಿಣ ಸುರಿಯುತ್ತಾರೆ. ತಣಿದ ಮೇಲೆ ಮರಳನ್ನು ಕುಟ್ಟಿ ಉದುರಿಸುತ್ತಾರೆ. ಮರಳಿಗೆ ಅಗಸೆ ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸಿದರೆ ಕಲ್ಲಿನಂತಾಗುತ್ತಿತ್ತು. ಈಗ ಎಣ್ಣೆ ತರುವ ಹಡಗುಗಳೇ ನಿಂತುಹೋಗಿದ್ದವು.

ಕೋರಕ್ಕ ಸುಮ್ಮನೆ ಕೂರುವ ಪೈಕಿಯಲ್ಲ. ಗಂಜಿ ಕಲಸಿ ನೋಡಿದಳು, ಕೋರ್ ಬಿರುಕು ಬಿಟ್ಟಿತು. ಮರಗೆಲಸದವರ ಅಂಟು ಕಲಸಿದಳು. ಆ ನಾತಕ್ಕೆ ಬೀದಿಯ ಕಾಗೆಗಳೆಲ್ಲ ಸಂಸಾರ ಸಮೇತ ಊರು ಬಿಟ್ಟವು. ಕೊನೆಗೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕರಿ ಪಾಕ, ಕಾಕಂಬಿ, ತರಿಸಿ ಕಲಸಿ ಬೇಯಿಸಿದಳು. ಉಗುರಿನಿಂದ ತಟ್ಟಿದರೆ ಕೋರ್ ಗಣಗಣ ಎಂದಿತು. ಕಾರ್ಖಾನೆಯ ಯಜಮಾನರು ಅವಳ ಕೈಹಿಡಿದು ಕುಣಿಯುವುದೊಂದು ಬಾಕಿ.

ಮರುದಿನ ಮೊದಲ ಎರಕ. ಬೆಳಿಗ್ಗೆ ಎಂಟಕ್ಕೆ ಎರಡು ಕೋರ್ ಒಲೆಯಿಂದ ಹೊರಬಂದವು. ಒಂದು ಕೆಲಸಕ್ಕೆ, ಇನ್ನೊಂದು ಅದರ ಜೋಡಿ, ಮುರಿದರೆ ಇರಲಿ ಎಂದು. ಬಿಸಿ ಕೋರನ್ನು ಅಚ್ಚಿಗೆ ಇಳಿಸಬಾರದು ಎಂಬುದು ಅಲ್ಲಿನ ಕಟ್ಟಳೆ. ಕೋರಕ್ಕ ಪದ್ಧತಿಯಂತೆ ಹತ್ತಕ್ಕೆ ಕೋರನ್ನು ಕೆನ್ನೆಗೊತ್ತಿ ನೋಡಿದಳು. ತಣ್ಣಗಿತ್ತು. ಹಸಿ ಮರಳಿನ ಅಚ್ಚಿನಲ್ಲಿ ಕೂರಿಸಿ ಅದರ ಮೇಲಿನ ಅರ್ಧದ ಪೆಟ್ಟಿಗೆ ಮುಚ್ಚಿಸಿದಳು. ಜೋಡಿಯನ್ನು ಕಿಟಕಿ ಪಕ್ಕದ ಹಲಗೆ ಮೇಲಿಟ್ಟಳು.

ಮಧ್ಯಾಹ್ನ ಮೂರಕ್ಕೆ ಕುಲುಮೆ ಕುದಿಯುತ್ತಿತ್ತು. ಅದರ ಗರ್ಜನೆಗೆ ಮೂರು ಬೀದಿ ಆಚೆಯ ಕಿವುಡರೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಕಬ್ಬಿಣ ಸುರಿಯುವವನು ಕೋರಕ್ಕನ ತಮ್ಮ. ಸರಪಳಿಗೆ ತೂಗುಬಿಟ್ಟ ದೊಡ್ಡ ಬಾನಿಯನ್ನು ಅಚ್ಚಿನ ಬಾಯಿಗೆ ಬಗ್ಗಿಸುವುದು ಅವನ ಕೆಲಸ. ಅಚ್ಚಿಗೂ ಅವನ ಮುಖಕ್ಕೂ ಒಂದು ಮೊಳದ ಅಂತರ.

ಹಲಗೆ ಜಾಗ ಖಾಲಿ ಮಾಡೋಣವೆಂದು ಕೋರಕ್ಕ ಜೋಡಿಯನ್ನು ಎತ್ತಿಕೊಂಡಳು. ಹೆಬ್ಬೆರಳು ಒಳಗೆ ಹೋಯಿತು.

ಬೆಳಿಗ್ಗೆ ಗಣಗಣ ಎಂದಿದ್ದ ಕೋರ್ ಈಗ ನೆನೆದ ಸಕ್ಕರೆಯಂತೆ ಅಂಟುತ್ತಿತ್ತು. ಕಾಕಂಬಿ ದಿನವಿಡೀ ಗಾಳಿಯ ತೇವವನ್ನು ಕುಡಿದಿತ್ತು. ಎಣ್ಣೆಯ ಕೋರ್ ವಾರವಿಟ್ಟರೂ ಹನಿ ನೀರು ಮುಟ್ಟುತ್ತಿರಲಿಲ್ಲ. ಅವಳು ಇಪ್ಪತ್ತು ವರ್ಷದ ಪದ್ಧತಿಯನ್ನು ಚಾಚೂ ತಪ್ಪದೆ ಮಾಡಿದ್ದಳು, ತಪ್ಪಾಗಿದ್ದೇ ಅಲ್ಲಿ. ಮುಚ್ಚಿದ ಅಚ್ಚಿನೊಳಗೆ, ಹಸಿ ಮರಳಿನ ನಡುವೆ ಕೂತ ಕೋರ್ ಇದಕ್ಕಿಂತ ಹೆಚ್ಚು ನೆನೆದಿರಬೇಕು. ಅದಕ್ಕೆ ಕರಗಿದ ಕಬ್ಬಿಣ ತಾಗಿದರೆ ನೀರು ಒಂದೇ ಏಟಿಗೆ ಉಗಿಯಾಗುತ್ತದೆ, ಕಬ್ಬಿಣ ಬಂದ ದಾರಿಯಲ್ಲೇ ವಾಪಸ್ ಹಾರುತ್ತದೆ. ಆ ದಾರಿಯ ತುದಿಯಲ್ಲಿ ತಮ್ಮನ ಮುಖವಿತ್ತು.

"ನಿಲ್ಲಿಸ್ರೋ!"

ಆ ಕೂಗಿಗೆ ಕುಲುಮೆಯೇ ಒಂದು ಕ್ಷಣ ಬಾಯಿ ಮುಚ್ಚಿತಂತೆ. ಬಾನಿ ಕುಲುಮೆಯ ಬಾಯಿಗೆ ಹೋಗುತ್ತಿದ್ದುದು ಅರ್ಧದಲ್ಲೇ ನಿಂತಿತು.

"ಏನಮ್ಮಾ ಈಗ?" ಯಜಮಾನರು ಓಡಿಬಂದರು.

ಅವಳು ಜೋಡಿಯನ್ನು ಅವರ ಕೈಗಿಟ್ಟಳು. ಅವರ ಬೆರಳೂ ಒಳಗಿಳಿಯಿತು. ಆದರೂ ಅವರು, "ಇದು ಹೊರಗಿತ್ತು. ಅದು ಒಳಗೆ ಬೆಚ್ಚಗಿದೆ, ಚೆನ್ನಾಗೇ ಇರುತ್ತೆ," ಎಂದರು.

"ಹಾಗಾದ್ರೆ ಬಾನಿ ನೀವೇ ಬಗ್ಗಿಸಿ ಯಜಮಾನ್ರೇ."

ಯಜಮಾನರು ಅಚ್ಚನ್ನು ನೋಡಿದರು, ಮೂಗು ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ತಾತಾ, ಕಬ್ಬಿಣನ ಎಷ್ಟೊತ್ತು ಹಿಡಿದಿಡ್ತೀರಿ?" ಎಂದು ಅವಳು ಕುಲುಮೆ ನೋಡಿಕೊಳ್ಳುವ ಮುದುಕನನ್ನು ಕೇಳಿದಳು.

"ಇಪ್ಪತ್ತೈದು ನಿಮಿಷ. ಆಮೇಲೆ ಹೊಟ್ಟೆಯಲ್ಲೇ ಹೆಪ್ಪುಗಟ್ಟುತ್ತೆ ತಾಯಿ. ಕುಲುಮೇನೇ ಒಡೀಬೇಕಾಗುತ್ತೆ."

ಹೊಸ ಕೋರ್ ಬೇಯಲು ಎರಡು ಗಂಟೆ ಬೇಕು, ನೆನೆದದ್ದನ್ನು ಒಣಗಿಸಲು ಅಷ್ಟು ಬೇಡ. ಕೋರಕ್ಕ ಜೋಡಿಯನ್ನು ಕಸಿದುಕೊಂಡು, ತನ್ನ ಬೆರಳು ಮಾಡಿದ ತೂತಿಗೂ ಯಜಮಾನರ ಬೆರಳಿನ ತೂತಿಗೂ ಅದರದೇ ಅಂಟು ಮರಳು ಮೆತ್ತಿ, ಒಲೆಯತ್ತ ಓಡಿದಳು. ಕೋರ್ ಕೋಣೆ ಅಂಗಳದ ಆ ತುದಿಯಲ್ಲಿತ್ತು. ಕೋರನ್ನು ಒಳಗಿಟ್ಟು, ಒಲೆಗೆ ಕಟ್ಟಿಗೆ ಹೇರಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅತ್ತ ಸರಪಳಿ ಎಳೆದು ಅಚ್ಚಿನ ಮೇಲಿನ ಪೆಟ್ಟಿಗೆ ಎತ್ತಿದರು. ಒಳಗಿದ್ದ ಕೋರನ್ನು ಎತ್ತಲು ಹೋದ ತಮ್ಮನ ಕೈಯಲ್ಲಿ ಅದು ಎರಡು ತುಂಡಾಯಿತು.

ಅವನು ಬಂದು ಅಕ್ಕನ ಪಕ್ಕ ಕೂತ. ಊರಿಗೇ ಜೋಕು ಹಂಚುವವನು ಮುಖವನ್ನು ಎರಡೆರಡು ಸಲ ಸವರಿಕೊಂಡ.

"ಮುಖ ಇನ್ನೂ ಇದೆಯಾ ನೋಡಕ್ಕಾ."

"ಇದೆ. ಅದೇ ಹಳೇ ದರಿದ್ರ ಮುಖ."

"ಹೋಗಿದ್ರೆ ಹೆಂಡತಿ ಖುಷಿ ಪಡ್ತಿದ್ಲು."

ಅವಳು ನಗಲಿಲ್ಲ. ಹದಿನೈದನೇ ನಿಮಿಷಕ್ಕೆ ಬಾಗಿಲು ತೆರೆದು ಉಗುರಿನಿಂದ ತಟ್ಟಿದಳು. ಅಂಚು ಗಣ ಎಂದಿತು, ನಡುಭಾಗ ಡಬ್ ಎಂದಿತು. ಮುಚ್ಚಿದಳು. ಇಪ್ಪತ್ತಕ್ಕೆ ಮತ್ತೆ ತಟ್ಟಿದಳು. ನಡುವೆ ಇನ್ನೂ ಡಬ್.

"ಮಗಳೇ, ಕುಲುಮೆ ಬಾಯಿ ಕಪ್ಪಾಗ್ತಿದೆ!" ತಾತ ಅಲ್ಲಿಂದ ಕೂಗಿದ.

"ಇನ್ನೈದು ನಿಮಿಷ ತಾತಾ!"

"ನಾನೇನು ಅಂಗಡಿ ಇಟ್ಕೊಂಡಿದೀನಾ, ಕೇಳಿದಷ್ಟು ಕೊಡೋಕೆ?" ಎಂದವನು ಗಾಳಿ ಯಂತ್ರವನ್ನು ಪೂರ್ತಿ ಜೋರಿಗೆ ತಿರುಗಿಸಿದ. ಕಾರ್ಖಾನೆಯ ತಗಡಿನ ಮಾಡು ಎದ್ದು ಕುಣಿಯಿತು.

ಇಪ್ಪತ್ತಾರನೇ ನಿಮಿಷಕ್ಕೆ ನಡುಭಾಗ ಗಣ ಎಂದಿತು. ಮೂರು ಕಡೆ ತಟ್ಟಿದಳು, ಮೂರೂ ಕಡೆ ಅದೇ ಸದ್ದು. ಗೋಣಿಚೀಲ ಸುತ್ತಿ ಕೋರನ್ನು ಎದೆಗವಚಿಕೊಂಡು ಅಂಗಳ ದಾಟಿದಳು. ಕುದುರೆಗಳೂ ನಾಚುವ ಓಟ ಅದು. ಗೋಣಿಯೂ ಸೀದು ಅಂಗೈ ಚುರುಚುರು ಎಂದಿತು. ಬಿಸಿ ಕೋರ್ ಹಸಿ ಅಚ್ಚಿನಲ್ಲಿ ಕೂತಿತು, ಸಿಸ್ ಎಂದಿತು. ಪೆಟ್ಟಿಗೆ ಇಳಿಯಿತು, ಕೊಕ್ಕೆ ಬಿತ್ತು. ತಾತ ಕುಲುಮೆಯಿಂದ ಬಾನಿ ತುಂಬಿಸಿದ.

"ನಾನು ಸುರೀತೀನಿ, ನೀನು ಆಚೆ ಸರಿ," ಎಂದಳು.

"ಬಾನಿ ಭಾರ ನಿನ್ನಿಂದಾಗಲ್ಲ. ಅರ್ಧಕ್ಕೆ ಕೈ ನಡುಗಿದ್ರೆ ಇಬ್ಬರೂ ಹೋಗ್ತೀವಿ. ದೂರ ನಿಲ್ಲಕ್ಕಾ."

ಅವಳು ದೂರ ನಿಲ್ಲಲಿಲ್ಲ. ಅವನ ಬೆನ್ನಿಗೆ, ಅಂಗಿ ಹಿಡಿದು ಎಳೆಯುವಷ್ಟು ಹತ್ತಿರ ನಿಂತಳು.

ಬಾನಿ ಬಗ್ಗಿತು. ಬಿಳಿ ಕಬ್ಬಿಣ ಅಚ್ಚಿನ ಬಾಯಿಗಿಳಿಯಿತು. ಹೊಗೆಕಿಂಡಿಯಿಂದ ಸುಟ್ಟ ಸಕ್ಕರೆಯ ವಾಸನೆ ಬಂತು, ನೀಲಿ ಉರಿ ಹತ್ತಿಕೊಂಡಿತು. ಆಗ ಅಚ್ಚಿನೊಳಗೆ ಒಮ್ಮೆ ಗುಳುಕ್ ಎಂದಿತು.

ಕೋರಕ್ಕನ ಮುಷ್ಟಿಯಲ್ಲಿ ತಮ್ಮನ ಅಂಗಿ ಬಿಗಿಯಿತು. ಒಂದು ಹನಿ ಕಬ್ಬಿಣ ಚಿಮ್ಮಿ ಅವನ ಬೂಟಿನ ಪಕ್ಕ ಬಿತ್ತು. ಸುರಿಯುವುದನ್ನು ನಿಲ್ಲಿಸಿದರೆ ಎರಕ ಕೆಡುತ್ತದೆ, ಮುಂದುವರಿಸಿದರೆ... ಅವನು ನಿಲ್ಲಿಸಲಿಲ್ಲ. ಎರಡನೇ ಗುಳುಕ್‌ಗಾಗಿ ಇಡೀ ಕಾರ್ಖಾನೆ ಕಾಯಿತು. ಆ ಕಾಯುವಿಕೆಯಲ್ಲಿ ಯಜಮಾನರ ಇದ್ದಬದ್ದ ಕಪ್ಪು ಕೂದಲೂ ನರೆಯಿತು.

ಎರಡನೇ ಗುಳುಕ್ ಬರಲಿಲ್ಲ. ಆಚೆ ಬದಿಯ ತೂತಿನಲ್ಲಿ ಕಬ್ಬಿಣ ಕೆಂಪಗೆ, ನಿಧಾನವಾಗಿ ಮೇಲೆದ್ದು ಅಂಚಿಗೆ ನಿಂತಿತು, ಅಚ್ಚು ತುಂಬಿತ್ತು. ಅಂಗಿ ಬಿಡಲು ಕೋರಕ್ಕನಿಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು.

ಮರುದಿನ ಅಚ್ಚು ಒಡೆದರು. ಪಂಪು ಒಳಗೂ ಹೊರಗೂ ಮಗುವಿನ ಕೆನ್ನೆಯಂತಿತ್ತು. ಯಜಮಾನರು ಅದನ್ನು ಸವರುತ್ತಾ, "ಗಿರಾಕಿ ಕೇಳಿದ ಹನ್ನೆರಡರಲ್ಲಿ ಇನ್ನೂ ಹನ್ನೊಂದು ಬಾಕಿ. ಇವತ್ತೇ ಶುರು ಮಾಡೋಣ," ಎಂದರು.

"ಮೊದಲು ಒಲೆ ಇಲ್ಲಿಗೆ ಬರ್ಲಿ. ಅಚ್ಚಿನ ಪಕ್ಕಕ್ಕೆ. ಕೋರ್ ಬಿಸಿಬಿಸಿಯಾಗೇ ಇಳೀಬೇಕು, ಇಳಿದ ಕೂಡಲೇ ಸುರೀಬೇಕು," ಎಂದಳು ಕೋರಕ್ಕ.

"ನಮ್ಮ ತಾತನ ಕಾಲದಿಂದ ಆ ಒಲೆ ಅಲ್ಲೇ ಇದೆಯಮ್ಮಾ!"

"ನಿಮ್ಮ ತಾತನಿಗೆ ಎಣ್ಣೆ ಸಿಗ್ತಿತ್ತು ಯಜಮಾನ್ರೇ."

ಒಲೆ ಕೀಳಲು ತಮ್ಮ ಆಗಲೇ ಹಾರೆ ಹುಡುಕಲು ಹೋಗಿದ್ದ.